ಹಡಗು ತಿರುಗುವುದಿಲ್ಲ

ಜನವರಿ 9

ಪ್ರೀತಿಯ ಅಪ್ಪ,

ಮೊದಲು ಕನ್ನಡಕ ಹಾಕಿಕೊಳ್ಳಿ. ಅಮ್ಮನನ್ನೂ ಅಡುಗೆಮನೆಯಿಂದ ಕರೆಯಿರಿ. ಆಯಿತಾ? ಈಗ ಕೇಳಿ: ನನಗೆ ಅಂಕಣ ಸಿಕ್ಕಿದೆ! ಸಿನಿಮಾ ಅಂಕಣ! ಬೆಳಗ್ಗೆಯಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಫೋನಿನಲ್ಲಿ ಕಿರುಚಿ ಹೇಳೋಣವೆಂದರೆ ನಿಮ್ಮ ಕಿವಿಯನ್ನು ಬಸ್ಸಿನ ಎಂಜಿನ್ ಯಾವತ್ತೋ ತಿಂದು ಮುಗಿಸಿದೆ, ಕಿವಿಯ ಮೆಷಿನ್ನು ಡ್ರಾಯರ್ ಬಿಟ್ಟು ಹೊರಗೆ ಬರುವುದಿಲ್ಲ. ಅದಕ್ಕೇ ಕಾಗದ.

ಇಷ್ಟು ವರ್ಷ ಕಂಡವರ ಕಾಗುಣಿತ ತಿದ್ದುತ್ತ ಪತ್ರಿಕೆಯ ಪ್ರೂಫ್ ಟೇಬಲ್ಲಿಗೆ ಅಂಟಿಕೊಂಡಿದ್ದವಳು ನಾನು. ಮೊನ್ನೆ ಚಹಾ ಕುಡಿಯುತ್ತ ಯಾರದೋ ವಿಮರ್ಶೆಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದೆ. ಹಿಂದೆ ನಮ್ಮ ಪುರವಣಿಯ ಸಂಪಾದಕಿ ನಿಂತಿದ್ದರು. (ನಾವೆಲ್ಲ ಅವರನ್ನು ‘ಕೆಂಪು ಪೆನ್ನು’ ಅನ್ನುತ್ತೇವೆ, ಅವರ ಬೆನ್ನ ಹಿಂದೆ.) “ಅಷ್ಟೆಲ್ಲ ಗೊತ್ತಿದ್ರೆ ನೀನೇ ಬರಿ, ನೋಡೋಣ” ಎಂದರು. ಪ್ರತಿ ಭಾನುವಾರ ಒಂದು ಹಳೆಯ ಚಿತ್ರ, ಒಂದು ಹೊಸ ಚಿತ್ರ, ಎರಡರ ಬಗ್ಗೆಯೂ ನನ್ನ ಮನಸ್ಸಿಗೆ ಬಂದದ್ದು. ಮೊದಮೊದಲು ಪರೀಕ್ಷೆ. ಓದುಗರು ಮೆಚ್ಚಿದರೆ ಅಂಕಣ ನನ್ನದು, ಇಲ್ಲದಿದ್ದರೆ ಮತ್ತೆ ಪ್ರೂಫ್ ಟೇಬಲ್ಲು.

ಮೊದಲನೆಯದು ಯಾವ ಚಿತ್ರವೆಂದು ಕೇಳಬೇಕೇ? ನಮ್ಮ ಹಡಗಿನ ಚಿತ್ರ! ನಮ್ಮ ಮನೆಯಲ್ಲಿ ಯಾವ ಚಿತ್ರವನ್ನೂ ಅದರ ಹೆಸರು ಹಿಡಿದು ಕರೆದದ್ದೇ ಇಲ್ಲವಲ್ಲ, ಅದು ಯಾವ ಚಿತ್ರವೆಂದು ಕೆಂಪು ಪೆನ್ನಿಗೆ ಅರ್ಥ ಮಾಡಿಸುವಷ್ಟರಲ್ಲಿ ಸಾಕುಸಾಕಾಯಿತು. ಅದರ ಪ್ರತಿ ಈಗ ಎಲ್ಲೂ ಸಿಗುತ್ತಿಲ್ಲ. ಸಿಗದಿದ್ದರೇನು, ನಿಮ್ಮ ಪಕ್ಕ ಕೂತು ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಗುಡ್ಡದ ಮೇಲಿನ ಒಂಟಿ ಮನೆ. ಕ್ಯಾಪ್ಟನ್ ಮುಳುಗಿ ಸತ್ತನೆಂಬ ಸುದ್ದಿ. ಕಾದು ಕಾದು ಸೋತ ಹೆಂಡತಿ ಬೇರೊಂದು ಹಡಗು ಹತ್ತಿ ಹೊರಡುತ್ತಾಳೆ. ಅದೇ ಸಂಜೆ ಅವನು ಬದುಕಿ ಬಂದು ಬೀಗ ಹಾಕಿದ ಬಾಗಿಲ ಮುಂದೆ ನಿಲ್ಲುತ್ತಾನೆ. ಕಿಟಕಿ ಒಡೆದು ಒಳಗೆ ಹೋಗಿ ದೀಪ ಹಚ್ಚಿಡುತ್ತಾನೆ. ಸಮುದ್ರದ ನಡುವಿನಿಂದ ಅವಳು ಅದನ್ನು ನೋಡುತ್ತಾಳೆ, ಅಷ್ಟು ದೊಡ್ಡ ಹಡಗು ಒಂದು ದೀಪಕ್ಕಾಗಿ ತಿರುಗುತ್ತದೆ! ಬರೆಯುವಾಗಲೇ ಮೈ ಜುಮ್ಮೆನ್ನುತ್ತಿದೆ.

ಹೊಸದರ ಸಾಲಿಗೆ ಆ ಲಿಫ್ಟಿನ ಚಿತ್ರ. ಕೆಟ್ಟು ನಿಂತ ಲಿಫ್ಟು, ಒಳಗೆ ಇಬ್ಬರು, ಚಿತ್ರ ಪೂರ್ತಿ ಅಷ್ಟೇ. ನಿಮ್ಮೂರಿಗೂ ಬಂದಿದೆ. ನೋಡಿ ಬರೆಯಿರಿ, ಮುಲಾಜಿಲ್ಲದೆ.

ನಿಮ್ಮ
ಗುಬ್ಬಿ


ಜನವರಿ 17

ಗುಬ್ಬೀ,

ಭಲೇ! ನಿನ್ನ ಕಾಗದವನ್ನು ನಿನ್ನಮ್ಮ ಓದಿದಳು, ನಾನು ಓದಿದೆ, ಸಂಜೆ ನನ್ನ ಹಳೆಯ ಕಂಡಕ್ಟರ್ ಬಂದು ಅವನೂ ಓದಿದ. ಅವನಂತೂ ಬಸ್ ನಿಲ್ದಾಣದ ಚಹಾ ಅಂಗಡಿಯವರೆಗೆ ಹೋಗಿ ಡಂಗುರ ಹೊಡೆದು ಬಂದ.

ಲಿಫ್ಟಿನ ಚಿತ್ರಕ್ಕೆ ಮೂಗು ಮುರಿಯುತ್ತಲೇ ಹೋದೆ. ಲಿಫ್ಟಿನಲ್ಲಿ ನಿಂತವರನ್ನು ನೋಡಲು ಟಿಕೆಟ್ ಯಾಕೆ ಎಂದು ನಿನ್ನಮ್ಮನ ಜೊತೆ ದಾರಿಯುದ್ದಕ್ಕೂ ಜಗಳ. ಆದರೆ! ಆ ಮುದುಕಿ ಚೀಲದಿಂದ ಒಂದೇ ಒಂದು ಕಿತ್ತಳೆ ತೆಗೆದು, ಪಕ್ಕದವನಿಗೆ ಅರ್ಧ ಕೊಡಲೋ ಬೇಡವೋ ಎಂದು ಯೋಚಿಸುತ್ತಾಳಲ್ಲ, ಅಲ್ಲಿ ನಾನು ಕುರ್ಚಿಯ ತುದಿಗೆ ಬಂದಿದ್ದೆ. ಒಂದು ಕಿತ್ತಳೆಗಾಗಿ ಎದೆ ಹೊಡೆದುಕೊಳ್ಳುವ ಹಾಗೆ ಮಾಡುತ್ತಾನಲ್ಲ, ಅವನು ನಿರ್ದೇಶಕ! ಹಿಂದಿನ ವಾರ ಕಂಡಕ್ಟರ್ ಎಳೆದುಕೊಂಡು ಹೋದ ಯುದ್ಧದ ಚಿತ್ರವೂ ಇದೆ. ಅಯ್ಯೋ, ಕೇಳಬೇಡ. ಶುರುವಿನಿಂದ ಗುಂಡು ಹಾರಿಸುತ್ತಲೇ ಇದ್ದರು, ಒಬ್ಬನಿಗೂ ಹಸಿವಾಗಲಿಲ್ಲ, ಒಬ್ಬನಿಗೂ ನಿದ್ದೆ ಬರಲಿಲ್ಲ. ನಾಯಕ ಒಂದು ಬಾಗಿಲನ್ನಾದರೂ ಕೈಯಿಂದ ತೆರೆಯಬಾರದಾ? ಎಲ್ಲವನ್ನೂ ಒದ್ದ.

ಹಾಗಂತ ಹಳೆಯದನ್ನೆಲ್ಲ ತಲೆಯ ಮೇಲೆ ಹೊತ್ತು ಮೆರೆಸಬೇಡ. ಆಗಿನ ನಾಯಕಿಯರು ಚಿತ್ರದುದ್ದಕ್ಕೂ ಅತ್ತರು, ಒಬ್ಬಳಾದರೂ ಮೂಗು ಒರೆಸಿಕೊಂಡದ್ದನ್ನು ನೋಡಿದ್ದೀಯಾ? ಇದನ್ನೂ ಬರೆ. ಭಯಪಡಬೇಡ.

ಹಡಗಿನ ಚಿತ್ರದಲ್ಲಿ ಆ ಗುಡ್ಡದ ಗಾಳಿಯ ಬಗ್ಗೆ ಬರೆ, ಅವಳು ಒಣಹಾಕಿದ ಬಟ್ಟೆ ಹಾರಿಹೋಗುವುದರ ಬಗ್ಗೆ ಬರೆ. ಕೊನೆಯನ್ನು ಮಾತ್ರ ಬಿಟ್ಟುಬಿಡು. ನೋಡದವರಿಗೆ ರುಚಿ ಕೆಡುತ್ತದೆ.

ಮೆಷಿನ್ನು ಹಾಕಿಕೊಂಡೇ ಚಿತ್ರ ನೋಡಿದ,
ನಿನ್ನ ಅಪ್ಪ


ಫೆಬ್ರುವರಿ 4

ಪ್ರೀತಿಯ ಅಪ್ಪ,

ಅಂಕಣ ಬಂತು! ಕತ್ತರಿಸಿ ಇದರ ಜೊತೆ ಇಟ್ಟಿದ್ದೇನೆ. ನಿಮ್ಮ ಕಿತ್ತಳೆಯನ್ನು ಹೇಳದೆ ಕೇಳದೆ ಕದ್ದಿದ್ದೇನೆ. ನಾಯಕಿಯರ ಮೂಗನ್ನೂ ಬಿಟ್ಟಿಲ್ಲ.

ಆದರೆ ಕೊನೆಯ ವಿಷಯದಲ್ಲಿ ನಿಮ್ಮ ಮಾತು ಕೇಳಲಿಲ್ಲ. ತಡೆದುಕೊಳ್ಳಲು ಆಗಲಿಲ್ಲ ಅಪ್ಪ, ಅರ್ಧ ಅಂಕಣ ಆ ಹಡಗು ತಿರುಗುವುದರ ಬಗ್ಗೆಯೇ ಇದೆ! ಈಗಿನವರು ಕಂಪ್ಯೂಟರಿನಲ್ಲಿ ಹತ್ತು ಹಡಗು ಮುಳುಗಿಸುತ್ತಾರೆ, ಆಗಿನವರು ಒಂದನ್ನು ತಿರುಗಿಸಿ ನಮ್ಮ ಉಸಿರು ನಿಲ್ಲಿಸಿದರು ಎಂದು ಬರೆದಿದ್ದೇನೆ. ಕೆಂಪು ಪೆನ್ನು ಓದಿ “ಹೂಂ” ಎಂದರು. ಅವರ ಬಾಯಲ್ಲಿ “ಹೂಂ” ಬಂತೆಂದರೆ ಬೇರೆಯವರು ಎದ್ದು ನಿಂತು ಚಪ್ಪಾಳೆ ಹೊಡೆದಷ್ಟು. ಕ್ಯಾಂಟೀನಿನವರು ಕೂಡ ಆ ಚಿತ್ರ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ನನಗೆ ಎರಡು ಕೋಡು ಮೂಡಿವೆ, ಬಂದಾಗ ಮುಟ್ಟಿ ನೋಡಿ.

ಬೇಗ ಬರೆಯಿರಿ. ಅಮ್ಮ ಏನೆಂದಳು?

ನಿಮ್ಮ
ಗುಬ್ಬಿ


ಫೆಬ್ರುವರಿ 18

ಅಪ್ಪ,

ನಿಮ್ಮ ಉತ್ತರ ಬರಲಿಲ್ಲ. ಯಾಕೆ ಬರಲಿಲ್ಲವೆಂದು ಈಗ ಸ್ವಲ್ಪ ಸ್ವಲ್ಪ ಹೊಳೆಯುತ್ತಿದೆ.

ನಿವೃತ್ತ ಹೆಡ್‌ಮಾಸ್ಟರ್ ಒಬ್ಬರು ಪತ್ರಿಕೆಗೆ ಬರೆದಿದ್ದಾರೆ. “ಈ ಚಿತ್ರವನ್ನು ನಾನು ಬಿಡುಗಡೆಯಾದ ವಾರವೇ ಎರಡು ಸಲ ನೋಡಿದ್ದೇನೆ. ಹಡಗು ತಿರುಗುವುದಿಲ್ಲ. ದೀಪವೂ ಇಲ್ಲ. ಲೇಖಕಿ ಯಾವ ಚಿತ್ರ ನೋಡಿದ್ದಾರೋ ತಿಳಿಯದು.” ಅಷ್ಟೇ. ಇನ್ನೂ ಮೂರು ಜನ ಅದನ್ನೇ ಬರೆದಿದ್ದಾರೆ. ಕೆಂಪು ಪೆನ್ನು ಬಾಗಿಲು ಹಾಕಿಕೊಂಡು ಮಂಗಳಾರತಿ ಎತ್ತಿದರು. “ಕಣ್ಣಾರೆ ನೋಡಿದ್ದೀಯಾ?” ಎಂದರು. “ಅಪ್ಪನ ಪಕ್ಕದಲ್ಲೇ ಕೂತು ನೋಡಿದ್ದೀನಿ ಮೇಡಂ” ಎಂದೆ. “ಹಾಗಾದ್ರೆ ಈ ಕೊನೆ ಎಲ್ಲಿಂದ ಬಂತು ಅಂತ ತಿಳ್ಕೊಂಡು ಬಾ. ಅಲ್ಲಿವರೆಗೆ ಅಂಕಣ ಇಲ್ಲ.” ಪ್ರೂಫ್ ಟೇಬಲ್ಲಿಗೆ ವಾಪಸ್ ಬಂದು ಕೂತಿದ್ದೇನೆ. ಪಕ್ಕದವರು ತಲೆ ಎತ್ತಿ ನೋಡುವುದಿಲ್ಲ, ಪಾಪ, ನನಗೆ ನಾಚಿಕೆಯಾದೀತೆಂದು.

ಮನೆಗೆ ಬಂದು ಕಣ್ಣು ಮುಚ್ಚಿ ಆ ದೃಶ್ಯವನ್ನು ನೆನಪಿಗೆ ತಂದುಕೊಂಡೆ. ಬರುತ್ತದೆ. ದೀಪ ಕಾಣುತ್ತದೆ, ಹಡಗು ನಿಧಾನಕ್ಕೆ ತಿರುಗುವುದು ಕಾಣುತ್ತದೆ. ಆದರೆ ಆ ಹಡಗಿಗೆ ಬಣ್ಣ ಇದೆ, ಹಸಿರು ಪಟ್ಟಿ ಇದೆ. ಚಿತ್ರ ಕಪ್ಪು-ಬಿಳುಪು ತಾನೇ? ಇನ್ನೂ ಒಂದು. ಹಡಗಿನ ಮುಂದೆ ವೈಪರ್ ಆಡುತ್ತಿದೆ. ಬಸ್ಸಿನ ವೈಪರ್, ಅಪ್ಪ!

ನಿಜ ಹೇಳಿ. ನಾನು ಆ ಚಿತ್ರದ ಕೊನೆಯನ್ನು ನೋಡಿದ್ದೇನಾ ಇಲ್ಲವಾ?

ಗುಬ್ಬಿ


ಫೆಬ್ರುವರಿ 25

ಗುಬ್ಬೀ,

ನೋಡಿಲ್ಲ. ನಾನೂ ನೋಡಿಲ್ಲ. ಏನೀಗ?

ಮಧ್ಯಾಹ್ನದ ಟ್ರಿಪ್ ಮುಗಿಸಿ ಬಂದರೆ ಕೊನೆಯ ಬಸ್ಸಿನವರೆಗೆ ನನಗೆ ಪುರುಸೊತ್ತು. ನಿಲ್ದಾಣದ ಎದುರಿಗೇ ಟಾಕೀಸು. ಆದರೆ ಆ ಮಹಾನುಭಾವರ ಚಿತ್ರ ಮುಗಿಯುವುದು ಬಸ್ ಹೊರಟ ಮೇಲೆ. ಅಲ್ಲಿ ಜನ ಮನೆ ಸೇರಲು ಕಾಯುತ್ತಿರುತ್ತಾರೆ, ನಾನು ಇಲ್ಲಿ ನಾಯಕಿ ಅಳುವುದನ್ನು ನೋಡುತ್ತ ಕೂರಲಾ? ಎದ್ದು ಬರುತ್ತಿದ್ದೆ, ನಿನ್ನನ್ನು ಎತ್ತಿಕೊಂಡು. ನೀನು ಬಾನೆಟ್ ಮೇಲೆ ಕೂತು “ಆಮೇಲೆ? ಆಮೇಲೆ?” ಎಂದು ಪ್ರಾಣ ತಿನ್ನುತ್ತಿದ್ದೆ. ಗೊತ್ತಿಲ್ಲ ಅನ್ನಬೇಕಿತ್ತಾ? ಅರ್ಧ ಕಥೆಯಲ್ಲಿ ಮಗುವನ್ನು ಇಳಿಸಿಹೋಗುವ ಡ್ರೈವರ್ ನಾನಲ್ಲ. ಮುಗಿಸಿದೆ. ಊರು ಬರುವಷ್ಟರಲ್ಲಿ ಒಂದೊಂದು ಚಿತ್ರವನ್ನೂ ಮುಗಿಸಿದೆ. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ಬಿಟ್ಟು ಕಿವಿಗೊಟ್ಟು ಕೇಳುತ್ತಿದ್ದ, ಬೇಕಾದರೆ ಅವನನ್ನೇ ಕೇಳು.

ಹಡಗು ತಿರುಗುವುದಿಲ್ಲವಂತೆ! ಆ ಹೆಡ್‌ಮಾಸ್ಟರಿಗೆ ಹೇಳು: ಗಂಡ ಬದುಕಿ ಬಂದಿದ್ದಾನೆ, ಹೆಂಡತಿ ಇನ್ನೂ ಬಂದರಿನಿಂದ ಕೂಗಳತೆಯಲ್ಲಿದ್ದಾಳೆ, ಹಡಗು ತಿರುಗಿಸದ ನಿರ್ದೇಶಕನಿಗೆ ಬುದ್ಧಿ ಇಲ್ಲ. ಕಿರಿದಾದ ರಸ್ತೆಯಲ್ಲಿ ಬಸ್ ತಿರುಗಿಸಿದವನು ನಾನು. ಮನಸ್ಸಿದ್ದರೆ ಯಾವುದನ್ನೂ ತಿರುಗಿಸಬಹುದು.

ನಿನ್ನ ಅಂಕಣಕ್ಕೆ ಕಲ್ಲು ಬಿತ್ತಲ್ಲ, ಅದಕ್ಕೆ ಮಾತ್ರ ಎರಡು ದಿನದಿಂದ ಊಟ ಸೇರುತ್ತಿಲ್ಲ. ನಿಮ್ಮ ಕೆಂಪು ಪೆನ್ನಿನ ವಿಳಾಸ ಕಳಿಸು, ನಾನೇ ಬರೆಯುತ್ತೇನೆ.

ನಿನ್ನ ಅಪ್ಪ


ಮಾರ್ಚ್ 8

ಅಪ್ಪ,

ಬೇಡಿ, ದಮ್ಮಯ್ಯ, ಅವರಿಗೆ ಬರೆಯಬೇಡಿ!

ನಿಮ್ಮ ಕಾಗದ ಓದಿ ಮೊದಲು ಸಿಟ್ಟು ನೆತ್ತಿಗೇರಿತು. ಆಮೇಲೆ ಏನಾಯಿತೋ, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಆಮೇಲೆ ಹೆದರಿಕೆಯಾಯಿತು. ನಾನು ಈ ಪ್ರಪಂಚದಲ್ಲಿ ಯಾವ ಚಿತ್ರದ ಕೊನೆಯನ್ನು ನಿಜವಾಗಿ ನೋಡಿದ್ದೇನೆ? ಹುಚ್ಚು ಹಿಡಿದವಳ ಹಾಗೆ ಹಳೆಯ ಚಿತ್ರಗಳನ್ನೆಲ್ಲ ಹುಡುಕಿ ತಂದು ನೋಡುತ್ತಿದ್ದೇನೆ. ಅಬ್ಬಾ, ಎಂಥ ದಿನಗಳು! ಪ್ರತಿ ಚಿತ್ರದಲ್ಲೂ ನೀವು ಎದ್ದು ಹೊರಟ ಜಾಗ ನನಗೆ ಗೊತ್ತಾಗುತ್ತದೆ. ಅಲ್ಲಿಂದಾಚೆಗೆ ಒಂದು ದೃಶ್ಯವನ್ನೂ ನಾನು ಕಂಡಿಲ್ಲ.

ಕೊಡೆ ರಿಪೇರಿಯವನ ಚಿತ್ರದಲ್ಲಿ ಜಗಳವಾಡಿ ಹೋದ ಮಗ ವಾಪಸ್ ಬರುವುದಿಲ್ಲ. ಮುದುಕ ಟೋಪಿ ಅಂಗಡಿಗೆ ಕೆಲಸಕ್ಕೆ ಸೇರುತ್ತಾನೆ, ಎಲ್ಲರೂ ನಗುತ್ತಾರೆ, ಮುಗಿಯಿತು. ಥೂ, ನಿಮ್ಮದೇ ಚೆನ್ನಾಗಿತ್ತು! ಗಾಯಕಿಯ ಚಿತ್ರದಲ್ಲಿ ಮಾತ್ರ ಅವರದು ಮೇಲು. ದನಿ ಕಳೆದುಕೊಂಡವಳು ದೂರದ ಊರಿನಲ್ಲಿ ಮಕ್ಕಳಿಗೆ ತಾಳ ಹಾಕಿ ಕಲಿಸುತ್ತಾಳೆ, ಅವಳ ಕೈ ಮಾತ್ರ ತೋರಿಸುತ್ತಾರೆ. ಎದ್ದು ಕೂತುಬಿಟ್ಟೆ. ನೀವಾದರೆ ಅವಳನ್ನು ರೈಲಿನಲ್ಲಿ ಮನೆಗೆ ಕರೆದುಕೊಂಡು ಬಂದಿದ್ದಿರಿ. ದರೋಡೆಯ ಚಿತ್ರದಲ್ಲಿ ಕಳ್ಳ ಸೇತುವೆಯ ಮೇಲೆ ಗುಂಡಿಗೆ ಸಿಕ್ಕು ಸಾಯುತ್ತಾನೆ. ನಿಮ್ಮ ಕಳ್ಳ ಬೆಳಗ್ಗೆ ಮನೆಗೆ ಬಂದು ಬಾಗಿಲು ತಟ್ಟಿದ್ದ.

ಇದನ್ನೆಲ್ಲ ಸಾಲಾಗಿ ನೋಡುವಾಗ ಒಂದು ಹೊಳೆಯಿತು. ನಿಮ್ಮ ಯಾವ ಚಿತ್ರದಲ್ಲೂ ಮನೆ ಬಿಟ್ಟು ಹೋದವರು ಹೋದ ಹಾಗೇ ಇಲ್ಲ. ಮಗ, ಗಾಯಕಿ, ಕಳ್ಳ, ಕ್ಯಾಪ್ಟನ್ನನ ಹೆಂಡತಿ, ಎಲ್ಲರೂ ವಾಪಸ್ ಬರುತ್ತಾರೆ. ಪ್ರತಿ ಸಲವೂ. ಯಾಕಪ್ಪಾ?

ನಿಮ್ಮ
ಗುಬ್ಬಿ


ಮಾರ್ಚ್ 16

ಗುಬ್ಬಿ ಕಂದಾ,

ನಿನ್ನ ಕಾಗದ ಓದಿ ನಿಮ್ಮಪ್ಪ ಕಂಡಕ್ಟರ್ ಮನೆಗೆ ಹೋಗಿ ಬರುತ್ತೇನೆಂದು ಎದ್ದು ಹೋದರು. ಅವರು ಇದಕ್ಕೆ ಉತ್ತರ ಬರೆಯುವುದಿಲ್ಲ. ನಾನೇ ಬರೆಯುತ್ತಿದ್ದೇನೆ, ಅಕ್ಷರ ನೋಡಿ ನಗಬೇಡ.

ನಿನಗೆ ಐದು ವರ್ಷವಿದ್ದಾಗ ನಾನು ಬಹಳ ದಿನ ಮನೆಯಲ್ಲಿರಲಿಲ್ಲ. ಊರಿಗೆ ಹೋಗಿದ್ದೆ ಎಂದು ನಿನಗೆ ಹೇಳಿದ್ದರು. ಊರಿಗಲ್ಲ, ಆಸ್ಪತ್ರೆಯಲ್ಲಿದ್ದೆ. ಶ್ವಾಸಕೋಶದ ಕಾಯಿಲೆ. ಮಕ್ಕಳನ್ನು ಒಳಗೆ ಬಿಡುತ್ತಿರಲಿಲ್ಲ. ಉಳಿಯುತ್ತಾರೆ ಎಂದು ಡಾಕ್ಟರು ಬಾಯಿ ಬಿಟ್ಟು ಹೇಳಲಿಲ್ಲ. ನಿನ್ನನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಿದ್ದರು? ಬಸ್ಸಿನಲ್ಲೇ ಕರೆದುಕೊಂಡು ಓಡಾಡಿದರು. ಟಾಕೀಸಿನಲ್ಲಿ ಕೂರಿಸಿದರೆ ನೀನು ಅಳುವುದನ್ನು ಮರೆಯುತ್ತಿದ್ದೆಯಂತೆ. ಆದರೆ ಯಾರಾದರೂ ಪೆಟ್ಟಿಗೆ ಹಿಡಿದು ಹೊರಟರೆ ಸಾಕು, “ವಾಪಸ್ ಬರ್ತಾರಾ? ಬರ್ತಾರಾ?” ಎಂದು ಕೇಳುತ್ತಿದ್ದೆಯಂತೆ. ಆಸ್ಪತ್ರೆಗೆ ಬಂದಾಗ ಅವರು ಇದನ್ನು ನಗುತ್ತ ಹೇಳುತ್ತಿದ್ದರು. ನಗು ಬರುತ್ತಿರಲಿಲ್ಲ, ಪಾಪ.

ನಾನು ಮನೆಗೆ ಬಂದ ದಿನ ನೀನು ಮೊದಲು ಮಾಡಿದ ಕೆಲಸವೆಂದರೆ ಹಡಗಿನ ಚಿತ್ರದ ಕಥೆ ಹೇಳಿದ್ದು. ದೀಪ ಹಚ್ಚಿದರು, ಹಡಗು ತಿರುಗಿತು ಎಂದು ಕೈ ಅಗಲಿಸಿ ತೋರಿಸಿದೆ. ಆ ಚಿತ್ರವನ್ನು ನಾನು ಮದುವೆಗೆ ಮುಂಚೆಯೇ ಮ್ಯಾಟಿನಿಗೆ ಹೋಗಿ ನೋಡಿದ್ದೆ. ಬಾಯಿಗೆ ಬಂದಿತ್ತು, ಹಾಗಲ್ಲ ಕಂದಾ ಅಂತ. ನಿಮ್ಮಪ್ಪನ ಕಡೆ ನೋಡಿದೆ. ಅವರು ಸ್ಟೌ ಕಡೆ ಮುಖ ಮಾಡಿಕೊಂಡು ನಿಂತಿದ್ದರು. ನಾನು ಸುಮ್ಮನಾದೆ. ಇಷ್ಟು ವರ್ಷವೂ ಸುಮ್ಮನಿದ್ದೆ.

ಇವತ್ತಿಗೂ ಚಿತ್ರಕ್ಕೆ ಹೋದರೆ ಮುಗಿಯುವ ಮುಂಚೆಯೇ ಎದ್ದುಬಿಡುತ್ತಾರೆ. ಲಿಫ್ಟಿನ ಚಿತ್ರದಲ್ಲೂ ಅಷ್ಟೇ. ಈಗ ಯಾವ ಬಸ್ಸು ಓಡಿಸಬೇಕು ಹೇಳು? ಕೇಳಿದರೆ ಬಾಗಿಲಲ್ಲಿ ನೂಕುನುಗ್ಗಲು ಅನ್ನುತ್ತಾರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಮ್ಮ


ಏಪ್ರಿಲ್ 5

ಪ್ರೀತಿಯ ಅಪ್ಪ,

ಅಮ್ಮನ ಕಾಗದ ಬಂತು. ಅದರ ಬಗ್ಗೆ ಏನು ಬರೆಯಲಿ, ಬರೆಯಲು ಕೂತರೆ ಅಕ್ಷರ ಕಾಣುವುದಿಲ್ಲ. ನೀವೂ ಅದರ ಬಗ್ಗೆ ಬರೆಯಬೇಡಿ. ನಾವಿಬ್ಬರೂ ಸಿನಿಮಾ ಬಗ್ಗೆ ಮಾತಾಡೋಣ.

ಅಂಕಣ ಉಳಿಯಿತು! ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಟಾಕೀಸು, ಕೊನೆಯ ಬಸ್ಸು, ಬಾನೆಟ್ಟು, ವೈಪರ್. ಆಸ್ಪತ್ರೆಯನ್ನು ಬರೆಯಲಿಲ್ಲ, ಅದು ನಮ್ಮದು. ಕೆಂಪು ಪೆನ್ನು ಎದುರಿಗೇ ಕೂತು ಓದಿದರು. ನಾಲ್ಕು ವಿಶೇಷಣ ಹೊಡೆದುಹಾಕಿದರು, ಮೂಗು ಒರೆಸಿಕೊಂಡರು, “ಇನ್ಮೇಲೆ ಚಿತ್ರ ಪೂರ್ತಿ ನೋಡಿ ಬರಿ” ಎಂದರು. ಅಂಕಣ ನನ್ನದು ಅಪ್ಪ! ಖಾಯಂ! ಓದುಗರ ಕಾಗದಗಳು ಟೇಬಲ್ ತುಂಬಿವೆ. ಹೆಡ್‌ಮಾಸ್ಟರ್ ಮತ್ತೆ ಬರೆದಿದ್ದಾರೆ: “ಡ್ರೈವರ್ ಮಹಾಶಯರು ಇನ್ನುಳಿದ ಚಿತ್ರಗಳನ್ನು ಹೇಗೆ ಮುಗಿಸಿದ್ದಾರೆಂದು ತಿಳಿಸಿ.”

ಇನ್ನೊಂದು ಸುದ್ದಿ. ಹಡಗಿನ ಚಿತ್ರದ ಪ್ರತಿ ಸಿಕ್ಕಿದೆ, ಸ್ವಚ್ಛ ಮಾಡಿದ ಹೊಸ ಪ್ರತಿ. ಪತ್ರಿಕೆಯವರಿಗಾಗಿ ಮೊದಲೇ ತೋರಿಸಿದರು, ಕೊನೆಯವರೆಗೂ ನೋಡಿದೆ. ಏನಾಗುತ್ತದೆಂದು ನಾನು ಹೇಳುವುದಿಲ್ಲ, ಕಾಡಿದರೂ ಹೇಳುವುದಿಲ್ಲ. ಮುಂದಿನ ವಾರ ನಿಮ್ಮೂರಿಗೆ ಬರುತ್ತದೆ. ಅಮ್ಮನನ್ನು ಕರೆದುಕೊಂಡು ಹೋಗಿ. ನನಗಾಗಿ ಒಂದೇ ಒಂದು ಸಲ, ಟಾಕೀಸಿನ ದೀಪ ಹತ್ತುವವರೆಗೆ ಕೂತಿರಿ.

ನಿಮ್ಮ
ಗುಬ್ಬಿ


ಏಪ್ರಿಲ್ 21

ಗುಬ್ಬೀ,

ಹೋಗಿದ್ದೆ. ಕೂತಿದ್ದೆ.

ಖಾಯಂ ಆಯಿತೆಂಬ ಸುದ್ದಿಗೆ ಕಂಡಕ್ಟರ್ ಬೀದಿಯಲ್ಲೇ ಕುಣಿದ. ಅದನ್ನು ಇನ್ನೊಮ್ಮೆ ವಿವರವಾಗಿ ಬರೆಯುತ್ತೇನೆ. ಈಗ ಚಿತ್ರ.

ಏನು ಚಿತ್ರವೇ ಅದು! ಆ ಗಾಳಿ, ಆ ಬಟ್ಟೆ, ಎಲ್ಲ ಹಾಗೇ ಇದೆ. ಹಾರಿಹೋದ ಬಟ್ಟೆಯ ಹಿಂದೆ ಅವಳು ಓಡುವಾಗ ನಾನು ಜೋರಾಗಿ “ಹಿಡೀ!” ಎಂದುಬಿಟ್ಟೆ, ಮುಂದಿನ ಸಾಲಿನವರು ತಿರುಗಿ ನೋಡಿದರು. ಆಮೇಲೆ ಕ್ಯಾಪ್ಟನ್ ಬೀಗ ಹಾಕಿದ ಬಾಗಿಲ ಮುಂದೆ ಬಂದು ನಿಂತ. ನನ್ನ ಕಾಲುಗಳು ತಾವಾಗಿಯೇ ಎದ್ದವು. ನಿನ್ನಮ್ಮ ಅಂಗಿ ಹಿಡಿದು ಎಳೆದು ಕೂರಿಸಿದಳು.

ನಿನ್ನ ಹೆಡ್‌ಮಾಸ್ಟರ್ ಸರಿ. ಹಡಗು ತಿರುಗುವುದಿಲ್ಲ. ಚಿಕ್ಕದಾಗುತ್ತದೆ, ಇನ್ನೂ ಚಿಕ್ಕದಾಗುತ್ತದೆ, ಇಲ್ಲವಾಗುತ್ತದೆ. ಅವನು ಕಿಟಕಿ ಒಡೆಯುವುದೂ ಇಲ್ಲ, ಅವನ ಹತ್ತಿರ ಕೀಲಿ ಇದೆ. ಬಾಗಿಲು ತೆರೆದು ಒಳಗೆ ಹೋಗುತ್ತಾನೆ. ಒಲೆ ಹಚ್ಚುತ್ತಾನೆ, ನೀರಿಡುತ್ತಾನೆ. ಚಹಾಕ್ಕೆ ಸಕ್ಕರೆ ಬೇಕು. ಗೂಡಿನಲ್ಲಿ ಡಬ್ಬಿಗಳ ಸಾಲು. ಸಕ್ಕರೆ ಯಾವುದರಲ್ಲಿದೆಯೆಂದು ಅವನಿಗೆ ಗೊತ್ತಿಲ್ಲ. ಒಂದು ತೆರೆದು ನೋಡುತ್ತಾನೆ, ಮುಚ್ಚುತ್ತಾನೆ. ಇನ್ನೊಂದು ತೆರೆಯುತ್ತಾನೆ, ಮುಚ್ಚುತ್ತಾನೆ. ಅಷ್ಟೇ. ಮಾತಿಲ್ಲ, ಸಂಗೀತವಿಲ್ಲ. ಡಬ್ಬಿ ತೆರೆಯುತ್ತಿರುವಾಗಲೇ ಚಿತ್ರ ಮುಗಿದುಹೋಗುತ್ತದೆ.

ದೀಪ ಹತ್ತಿತು. ಜನ ಎದ್ದರು. ನಾನು ಏಳಲಿಲ್ಲ. ನಿನ್ನಮ್ಮ ಕರವಸ್ತ್ರ ಕೊಟ್ಟಳು, “ಎದ್ದೇಳಿ, ಬಸ್ ಹೋಗುತ್ತೆ” ಎಂದಳು. “ಹೋಗಲಿ ಬಿಡೇ” ಎಂದೆ. ಪಕ್ಕದ ಕುರ್ಚಿಯಲ್ಲಿ ಕೂತಿದ್ದಳಲ್ಲ, ಅವಳ ಕೈ ಹಿಡಿದುಕೊಂಡೇ ಇದ್ದೆ.

ನಿನ್ನ ಅಂಕಣದಲ್ಲಿ ಬರೆ, ನನ್ನ ಹೆಸರಿನಲ್ಲೇ ಬರೆ: ಅವರ ಕೊನೆಯೇ ಚೆನ್ನಾಗಿದೆ, ನನ್ನದಕ್ಕಿಂತ ನೂರು ಪಾಲು ಚೆನ್ನಾಗಿದೆ, ನಿರ್ದೇಶಕನಿಗೆ ಬುದ್ಧಿ ಇಲ್ಲವೆಂದದ್ದನ್ನು ಡ್ರೈವರ್ ವಾಪಸ್ ತೆಗೆದುಕೊಂಡಿದ್ದಾನೆ. ಇದನ್ನು ಬರೆಯಬೇಡ, ನಿನಗೆ ಮಾತ್ರ ಹೇಳುತ್ತಿದ್ದೇನೆ. ಆ ವರ್ಷ ನಾನು ಟಾಕೀಸಿನಲ್ಲಿ ಇನ್ನೂ ಸ್ವಲ್ಪ ಹೊತ್ತು ಕೂತು ಇದನ್ನು ನೋಡಿದ್ದಿದ್ದರೆ, ಆ ಬಸ್ಸನ್ನು ಮನೆಯವರೆಗೆ ಓಡಿಸಲು ನನ್ನಿಂದ ಆಗುತ್ತಿರಲಿಲ್ಲ ಮಗಳೇ.

ನಿನ್ನ
ಅಪ್ಪ